ಸುಟ್ಟ ಟೋಪಿ, ಬೇಸಿಗೆಯ ರಜೆ: ಮಾಲ್ಗುಡಿಯ ಬಾಲಕನೂ ನಮ್ಮ ಸ್ವಾತಂತ್ರ್ಯವೂ

ಆಗಸ್ಟ್ 15 ನಮ್ಮ ಧರ್ಮಕೇಂದ್ರಗಳಲ್ಲಿ ಇಮ್ಮಡಿ ಸಂಭ್ರಮದ ದಿನ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಬಲಿಪೂಜೆ ಮುಗಿಯುತ್ತಿದ್ದಂತೆ ದೇವಾಲಯದ ಅಂಗಳದಲ್ಲಿ ತ್ರಿವರ್ಣ ಧ್ವಜ ಏರುತ್ತದೆ. ಮಕ್ಕಳು ರಾಷ್ಟ್ರಗೀತೆ ಹಾಡುತ್ತಾರೆ, ಹಿರಿಯರೊಬ್ಬರು ನಾಲ್ಕು ಮಾತನಾಡುತ್ತಾರೆ, ಸಿಹಿ ಹಂಚಿಕೆಯಾಗುತ್ತದೆ. ಸ್ವಾತಂತ್ರ್ಯ ಎಂಬ ಪದವನ್ನು ಅಂದು ನಾವು ಎಷ್ಟು ಬಾರಿ ಉಚ್ಚರಿಸುತ್ತೇವೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಅದೇ ಅಂಗಳದಲ್ಲಿ ಸಾಲಾಗಿ ನಿಂತ ಮಗುವನ್ನು ಕರೆದು "ನಿನಗೆ ಸ್ವಾತಂತ್ರ್ಯವೆಂದರೆ ಯಾವುದು?" ಎಂದು ಕೇಳಿದರೆ, ಅದು ಧ್ವಜದ ಕಡೆಗೆ ಕೈ ತೋರಿಸುವುದೋ ಏಪ್ರಿಲ್ ತಿಂಗಳ ಕೊನೆಯ ಪರೀಕ್ಷೆಯ ದಿನವನ್ನು ನೆನೆಯುವುದೋ ಹೇಳುವುದು ಕಷ್ಟ. ಮಗುವಿನ ಅನುಭವದಲ್ಲಿ ಬಿಡುಗಡೆಯೆಂದರೆ ಬೇಸಿಗೆಯ ರಜೆ. ಮಾವಿನ ಮರ, ಹೊಳೆಯ ದಂಡೆ, ಕರೆಯುವವರಿಲ್ಲದ ಮಧ್ಯಾಹ್ನ.

ಈ ಎರಡು ಸ್ವಾತಂತ್ರ್ಯಗಳನ್ನು, ಎಂದರೆ ದೇಶದ ಬಿಡುಗಡೆ ಮತ್ತು ಬಾಲ್ಯದ ಬಿಡುವುಗಳನ್ನು, ಒಂದೇ ಬಾಲಕನ ಬದುಕಿನಲ್ಲಿ ಎದುರುಬದುರಾಗಿ ನಿಲ್ಲಿಸಿದ ಕೃತಿಯೊಂದು ನಮಗೆಲ್ಲ ಪರಿಚಿತವಾದದ್ದು. ಅದು ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್'. ಇಂಗ್ಲಿಷಿನಲ್ಲಿ ಬರೆಯಲಾದ ಈ ಕೃತಿಯನ್ನು ಓದದವರೂ 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ನೋಡಿ ಸ್ವಾಮಿಯನ್ನು ತಮ್ಮ ಮನೆಯ ಹುಡುಗನೆಂದೇ ಭಾವಿಸಿದ್ದಾರೆ. ಸವಿನೆನಪಿನ ಕಥೆಯೆಂದು ಎಲ್ಲರೂ ಮೆಚ್ಚಿರುವ ಈ ಕೃತಿಯನ್ನು ಸ್ವಾತಂತ್ರ್ಯದ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮರಳಿ ಓದಿದಾಗ, ಅದರೊಳಗೆ ಸವಿಗಿಂತ ತೀಕ್ಷ್ಣವಾದ ಬೇರೊಂದು ಅಂಶ ಗೋಚರಿಸುತ್ತದೆ. ಅದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಕೃತಿ ಮತ್ತು ಅದರ ಕಾಲ

ನಾರಾಯಣ್ 1906ರಲ್ಲಿ ಮದರಾಸಿನಲ್ಲಿ ಹುಟ್ಟಿದರು. ತಂದೆ ಮೈಸೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಕಾರಣ ಮುಂದೆ ಮೈಸೂರೇ ಅವರ ಊರಾಯಿತು. 1930ರಲ್ಲಿ ಬೆಂಗಳೂರಿನಲ್ಲಿ, ಅಜ್ಜಿ ಆರಿಸಿಕೊಟ್ಟ ಶುಭದಿನವೊಂದರಂದು ಹೊಸ ನೋಟ್‌ಪುಸ್ತಕ ಕೊಂಡು ಈ ಕಾದಂಬರಿಯ ಮೊದಲ ಸಾಲು ಬರೆದುದಾಗಿ ಅವರೇ ಹೇಳಿಕೊಂಡಿದ್ದಾರೆ. ಹಸ್ತಪ್ರತಿ ಹಲವು ಪ್ರಕಾಶಕರಿಂದ ಹಿಂದಿರುಗಿತು. ಕೊನೆಗೆ ಗ್ರಹಾಂ ಗ್ರೀನ್ ಅವರ ಶಿಫಾರಸಿನಿಂದ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಗ್ರೀನ್ ಕಥೋಲಿಕ ಲೇಖಕರಾಗಿದ್ದರೆಂಬುದು ನಮ್ಮ ಓದುಗರಿಗೆ ಆಸಕ್ತಿಯ ಸಂಗತಿಯಾದೀತು.

1930 ಸಾಮಾನ್ಯ ವರ್ಷವಲ್ಲ. ಜನವರಿ 26ರಂದು ದೇಶದಾದ್ಯಂತ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಸ್ವೀಕರಿಸಲಾಯಿತು. ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು; ಅದೇ ತಿಂಗಳು ನಮ್ಮ ಅಂಕೋಲೆಯ ಕಡಲ ತೀರದಲ್ಲೂ ಜನ ಉಪ್ಪು ತೆಗೆದರು. ವಿದೇಶಿ ಬಟ್ಟೆಗಳ ದಹನ, ಹರತಾಳ, ಲಾಠಿ ಪ್ರಹಾರಗಳ ಆ ಬಿಸಿಯೊಳಗೆ ನಾರಾಯಣ್ ತಮ್ಮ ಕಥೆಯನ್ನು ಕಟ್ಟಿದರು. ಕಾದಂಬರಿಯಲ್ಲಿ ಮಾಲ್ಗುಡಿಯ ಸುಮಾರು 2000 ನಾಗರಿಕರು ಸರಯೂ ನದಿಯ ದಂಡೆಯಲ್ಲಿ ಸೇರಿ, ಮುಂಬಯಿಯ ಹೋರಾಟಗಾರರೊಬ್ಬರ ಬಂಧನವನ್ನು ಖಂಡಿಸುತ್ತಾರೆ. ಆ ಸಭೆಗೆ ಲೇಖಕರು ಕೊಟ್ಟ ದಿನಾಂಕ 1930ರ ಆಗಸ್ಟ್ 15! ದೇಶ ಸ್ವತಂತ್ರವಾಗುವುದಕ್ಕೆ 12 ವರ್ಷ ಮುಂಚೆಯೇ ಮುದ್ರಣಗೊಂಡ ಪುಸ್ತಕದಲ್ಲಿ ಆ ದಿನಾಂಕವಿರುವುದು ಕೇವಲ ಕಾಕತಾಳೀಯ. ಆದರೂ ಇಂದಿನ ಓದುಗನಿಗೆ ಆ ಪುಟ ತೆರೆದಾಗ ಒಂದು ಕ್ಷಣ ಮೈ ಜುಮ್ಮೆನ್ನದಿರದು.

ಖಾದಿಯ ಟೋಪಿ ಬೆಂಕಿಗೆ ಬಿದ್ದ ಬಗೆ

ಆ ಸಭೆಗೆ ಬಾಲಕ ಸ್ವಾಮಿನಾಥನ್ ತನ್ನ ಗೆಳೆಯ ಮಣಿಯೊಡನೆ ಹೋಗುತ್ತಾನೆ. ಭಾಷಣಗಳು ಅವನ ರಕ್ತವನ್ನು ಬಿಸಿಮಾಡುತ್ತವೆ. ವಿದೇಶಿ ಬಟ್ಟೆಗಳ ಉರಿ ಎದ್ದಾಗ, ತಲೆಯ ಮೇಲಿನ ಟೋಪಿ ವಿದೇಶಿಯದೆಂಬ ಯಾರದೋ ಮಾತು ಕಿವಿಗೆ ಬಿದ್ದೊಡನೆ ಅದನ್ನು ಕಿತ್ತು ಬೆಂಕಿಗೆಸೆಯುತ್ತಾನೆ. ದೇಶವನ್ನು ಉಳಿಸಿದ ಸಮಾಧಾನದಿಂದ ಮನೆಗೆ ಮರಳುತ್ತಾನೆ. ಮರುದಿನ ಹರತಾಳ. ತರಗತಿಗಳು ಖಾಲಿಯಾಗುತ್ತವೆ, ಮುಖ್ಯೋಪಾಧ್ಯಾಯರ ಕೊಠಡಿಯ ಕಿಟಕಿಯ ಗಾಜುಗಳಿಗೆ ಸ್ವಾಮಿಯ ಕಲ್ಲುಗಳು ತಾಗುತ್ತವೆ. ಪೊಲೀಸರು ಬರುತ್ತಾರೆ, ಲಾಠಿ ಬೀಸಲು ಅಪ್ಪಣೆ ಕೊಟ್ಟ ಅಧಿಕಾರಿ ಅವನ ಪರಮಮಿತ್ರ ರಾಜಮ್‌ನ ತಂದೆ. ಮನೆಯಲ್ಲಿ ತಂದೆ ಟೋಪಿ ಎಲ್ಲಿ ಎಂದು ಕೇಳಿದಾಗ ನಿಜ ಹೊರಬೀಳುತ್ತದೆ: ಸುಟ್ಟು ಬೂದಿಯಾದದ್ದು ಅಪ್ಪಟ ಖಾದಿ ಟೋಪಿ.

ಈ ಪ್ರಸಂಗವನ್ನು ಓದಿ ನಗದವರಿಲ್ಲ. ಆದರೆ ನಾರಾಯಣ್ ಇಲ್ಲಿ ಸ್ವಾತಂತ್ರ್ಯ ಚಳವಳಿಯನ್ನು ಲೇವಡಿ ಮಾಡಿದ್ದಾರೆಂಬ ಆಕ್ಷೇಪವನ್ನು ಒಪ್ಪುವುದು ಕಷ್ಟ. ಅವರ ನಗೆಯ ಗುರಿ ಹೋರಾಟವಲ್ಲ. ತಾನು ಏನನ್ನು ಸುಡುತ್ತಿದ್ದೇನೆಂದು ನೋಡದೆ ಸುಡುವ ಆವೇಶ. ಸ್ವಾಮಿಗೆ ಆ ಗಳಿಗೆಯಲ್ಲಿ ತಾನು ಸ್ವತಂತ್ರನೆನಿಸಿತು. ನಿಜದಲ್ಲಿ ಅವನು ಗುಂಪಿನಲ್ಲಿ ಯಾರೋ ಆಡಿದ ಒಂದು ಮಾತಿಗೆ ಅಡಿಯಾಳಾಗಿದ್ದ. ತಲೆಯ ಮೇಲಿದ್ದ ಟೋಪಿಯನ್ನು ತೆಗೆದು ಒಮ್ಮೆ ನೋಡುವಷ್ಟು ಬಿಡುವನ್ನೂ ಅವನ ಮನಸ್ಸು ಅವನಿಗೆ ಕೊಡಲಿಲ್ಲ.

ಮುಂದಿನ ಅಧ್ಯಾಯಗಳು ಈ ವ್ಯಂಗ್ಯವನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತವೆ. ವಿದೇಶಿ ವಸ್ತುಗಳನ್ನು ತ್ಯಜಿಸಿದ ಅದೇ ಬಾಲಕ, ಗೆಳೆಯರೊಡನೆ ಕ್ರಿಕೆಟ್ ತಂಡ ಕಟ್ಟಿದಾಗ ಅದಕ್ಕೆ ಲಂಡನ್ನಿನ ಪ್ರಸಿದ್ಧ ಕ್ಲಬ್ಬಿನ ಅಕ್ಷರಗಳನ್ನೇ ಹೋಲುವಂತೆ ಎಂ.ಸಿ.ಸಿ. ಎಂದು ಹೆಸರಿಡಲಾಗುತ್ತದೆ. ಚೆಂಡೆಸೆತದಲ್ಲಿ ಪಳಗಿದ ಸ್ವಾಮಿಗೆ ದೊರೆಯುವ ಬಿರುದು ಟೇಟ್. ಆತ ಅಂದಿನ ಇಂಗ್ಲೆಂಡ್ ತಂಡದ ಬೌಲರ್. ತಂಡ ಕಟ್ಟಿದರೆ ಸರಕಾರಕ್ಕೆ ತೆರಿಗೆ ಕೊಡಬೇಕಾದೀತೇ ಎಂಬ ಚಿಂತೆಯೂ ಈ ಮಕ್ಕಳಿಗೆ ಹತ್ತುತ್ತದೆ. ಟೋಪಿಯನ್ನು ತಲೆಯಿಂದ ಕಿತ್ತೆಸೆಯುವುದು ಸುಲಭ, ತಲೆಯೊಳಗೆ ನೆಲೆಸಿದ್ದನ್ನು ತೆಗೆಯುವುದು ಅಷ್ಟು ಸುಲಭವಲ್ಲ ಎಂಬುದನ್ನು ಒಂದು ಮಾತಿನ ಉಪದೇಶವೂ ಇಲ್ಲದೆ ನಾರಾಯಣ್ ಕಾಣಿಸಿಬಿಡುತ್ತಾರೆ.

ಮಿಷನ್ ಶಾಲೆಯ ತರಗತಿ

ಕ್ರೈಸ್ತ ಓದುಗರು ಈ ಕೃತಿಯಲ್ಲಿ ಕೊಂಚ ಇರಿಸುಮುರಿಸಿನಿಂದ ದಾಟುವ ಪುಟಗಳೂ ಇವೆ. ಸ್ವಾಮಿ ಓದುವುದು ಆಲ್ಬರ್ಟ್ ಮಿಷನ್ ಶಾಲೆಯಲ್ಲಿ. ಅಲ್ಲಿ ಧರ್ಮಗ್ರಂಥ ಬೋಧಿಸುವ ಎಬೆನೆಜರ್ ಎಂಬ ಅಧ್ಯಾಪಕ ಪ್ರಭು ಕ್ರಿಸ್ತರ ಹಿರಿಮೆಯನ್ನು ಸಾರಲು ಹಿಂದೂ ದೇವತೆಗಳನ್ನು ಹೀಯಾಳಿಸುತ್ತಾನೆ. ಕೆರಳಿದ ಸ್ವಾಮಿ ಎದ್ದು ಕ್ರಿಸ್ತರ ಬಗ್ಗೆ ಮರುಪ್ರಶ್ನೆ ಹಾಕಿದಾಗ ಅವನ ಕಿವಿ ಹಿಂಡಲಾಗುತ್ತದೆ. ಸ್ವಾಮಿಯ ತಂದೆ ಮುಖ್ಯೋಪಾಧ್ಯಾಯರಿಗೆ ಖಾರವಾದ ಪತ್ರ ಬರೆಯುತ್ತಾರೆ. ಮುಖ್ಯೋಪಾಧ್ಯಾಯರು ಅಧ್ಯಾಪಕನನ್ನು ಕರೆಸಿ ವಿಚಾರಿಸುತ್ತಾರೆ. ಮದರಾಸಿನ ಲೂಥರನ್ ಮಿಷನ್ ಶಾಲೆಯಲ್ಲಿ ಬಾಲಕನಾಗಿ ತಾವು ಅನುಭವಿಸಿದ್ದನ್ನು ನಾರಾಯಣ್ 1974ರ ತಮ್ಮ ಆತ್ಮಕಥೆ 'ಮೈ ಡೇಸ್'ನಲ್ಲಿ ಬರೆದಿದ್ದಾರೆ. ಆದುದರಿಂದ ಇದನ್ನು ದ್ವೇಷದ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ.

ಕೃತಿಯ ಸ್ವಾತಂತ್ರ್ಯದ ಚರ್ಚೆ ಪ್ರಾರಂಭವಾಗುವುದೇ ಈ ತರಗತಿಯಲ್ಲಿ ಎಂಬುದು ನನ್ನ ಅಭಿಮತ. ಬೀದಿಯಲ್ಲಿ ಕಲ್ಲೆಸೆಯುವ ಸ್ವಾಮಿಗಿಂತ ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಸ್ವಾಮಿ ಹೆಚ್ಚು ಸ್ವತಂತ್ರ. ಅಲ್ಲಿ ಗುಂಪಿಲ್ಲ, ಘೋಷಣೆಯಿಲ್ಲ. ತನಗೆ ಪವಿತ್ರವಾದುದನ್ನು ಅವಮಾನಿಸಿದಾಗ ಒಂಟಿಯಾಗಿ ನೋಯುವ ಅಂತಃಕರಣವಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ಧರ್ಮದ ವಿಷಯದಲ್ಲಿ ಯಾರನ್ನೂ ಅವರ ಅಂತಃಸಾಕ್ಷಿಗೆ ವಿರುದ್ಧವಾಗಿ ಬಲವಂತಪಡಿಸಲಾಗದೆಂದು ಸಾರಿತು. ಅದಕ್ಕೆ ಆಧಾರ ಮನುಷ್ಯನ ಘನತೆಯೆಂದೂ ತಿಳಿಸಿತು. ನಮ್ಮ ಸಂವಿಧಾನವು 25ನೆಯ ವಿಧಿಯಲ್ಲಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲವೆಂದು 28ನೆಯ ವಿಧಿ ವಿಧಿಸಿದೆ. ಈ ಎರಡೂ ಬರುವುದಕ್ಕೆ ಮೊದಲೇ ಸ್ವಾಮಿಯ ಕೆಂಪಾದ ಕಿವಿ ಅದೇ ಸತ್ಯವನ್ನು ನುಡಿದಿತ್ತು. ಎಬೆನೆಜರ್ ತನ್ನ ಪ್ರಭುವಿನ ಪಕ್ಷ ವಹಿಸಿದೆನೆಂದು ಭಾವಿಸಿದ. ಯಾರನ್ನೂ ಬಲವಂತದಿಂದ ಹಿಂಬಾಲಿಸುವಂತೆ ಮಾಡದ ಪ್ರಭುವನ್ನು ಅವನು ಅರಿತಿರಲಿಲ್ಲ.

ಅದೇ ತರಗತಿಯಲ್ಲಿ ಸ್ಯಾಮ್ಯುಯೆಲ್ ಎಂಬ ಕ್ರೈಸ್ತ ಹುಡುಗನಿದ್ದಾನೆ. ಕುಳ್ಳಗಿರುವುದರಿಂದ ಅವನಿಗೆ ಬಟಾಣಿ ಎಂಬ ಅಡ್ಡಹೆಸರು. ಸ್ವಾಮಿಗೂ ಅವನಿಗೂ ನಂಟಾಗಿರುವುದು ಒಂದೇ: ಇಬ್ಬರಿಗೂ ಒಂದೇ ವಿಷಯಕ್ಕೆ ನಗು ಬರುತ್ತದೆ. ಅಧ್ಯಾಪಕನಿಗೆ ಸಾಧ್ಯವಾಗದ ಸಾಕ್ಷ್ಯವನ್ನು ಈ ಪುಟ್ಟ ಬಟಾಣಿ ನಗುನಗುತ್ತಲೇ ಕೊಟ್ಟಿದ್ದಾನೆ.

ಬೇಸಿಗೆ ಯಾರದು?

ಏಪ್ರಿಲ್ ತಿಂಗಳ ಪರೀಕ್ಷೆ ಮುಗಿದು ಶಾಲೆ ಬಿಡುವ ಅಧ್ಯಾಯ ಕಾದಂಬರಿಯ ಅತ್ಯಂತ ಉಲ್ಲಾಸದ ಭಾಗ. ಹಾಳೆಗಳು ಹರಿಯುತ್ತವೆ, ಶಾಯಿ ಚೆಲ್ಲುತ್ತದೆ, ಕೇಕೆ ಮುಗಿಲು ಮುಟ್ಟುತ್ತದೆ. ರಜೆ ಬಂದ ಮೇಲೂ ತಂದೆ ಬಿಡುವುದಿಲ್ಲ. ಮಗನನ್ನು ಕೂರಿಸಿ ಲೆಕ್ಕ ಕೊಡುತ್ತಾರೆ. ಹತ್ತು ಮಾವಿನಹಣ್ಣಿಗೆ ಹದಿನೈದು ಆಣೆಯಾದರೆ ನಾಲ್ಕಕ್ಕೆ ಎಷ್ಟು? ಸ್ವಾಮಿಗೆ ಹಣ್ಣು ಮಾಗಿದೆಯೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆ. ಬಾಲ್ಯದ ಬುದ್ಧಿ ಯಾವ ದಿಕ್ಕಿಗೆ ಓಡುತ್ತದೆ, ಶಾಲೆಯ ಬುದ್ಧಿ ಯಾವ ದಿಕ್ಕಿಗೆ ಎಳೆಯುತ್ತದೆ ಎಂಬುದನ್ನು ಇದಕ್ಕಿಂತ ಸೊಗಸಾಗಿ ಹೇಳಿದ ಬರಹ ವಿರಳ. ಮುಂದೆ ನಾರಾಯಣ್ ರಾಜ್ಯಸಭೆಗೆ ನಾಮನಿರ್ದೇಶನಗೊಂಡಾಗ ತಮ್ಮ ಮೊದಲ ಭಾಷಣವನ್ನು ಮೀಸಲಿಟ್ಟದ್ದು ಮಕ್ಕಳ ಬೆನ್ನಿನ ಪುಸ್ತಕದ ಹೊರೆಗೆ. ಆ ಕಳಕಳಿ ಮುಂದೆ ಯಶ್‌ಪಾಲ್ ಸಮಿತಿಯ ನೇಮಕಕ್ಕೆ ಪ್ರೇರಣೆಯಾಯಿತು. ಹೊರೆಯಿಲ್ಲದ ಕಲಿಕೆಯನ್ನು ಕುರಿತ ಸಮಿತಿಯ ವರದಿ 1993ರಲ್ಲಿ ಬಂತು.

ಆದರೆ ಈ ಬೇಸಿಗೆಯ ಪುಟಗಳ ಅಂಚಿನಲ್ಲಿ ಇನ್ನಿಬ್ಬರು ಬಾಲಕರಿದ್ದಾರೆ. ನಮ್ಮ ಸವಿನೆನಪಿನ ಓದು ಅವರನ್ನು ಗಮನಿಸದೆ ಸಾಗುತ್ತದೆ. ಮೊದಲನೆಯವನು ಎತ್ತಿನ ಗಾಡಿ ಹೊಡೆಯುವ ಹಳ್ಳಿಯ ಹುಡುಗ ಕರುಪ್ಪನ್. ರಸ್ತೆಯಲ್ಲಿ ಬಿಡುವಾಗಿ ಅಲೆಯುತ್ತಿದ್ದ ರಾಜಮ್, ಮಣಿ, ಸ್ವಾಮಿ ಅವನನ್ನು ಅಡ್ಡಗಟ್ಟುತ್ತಾರೆ. ತಾವು ಸರಕಾರದ ಪೊಲೀಸರೆಂದು ಬೆದರಿಸಿ, ಗಾಡಿಯನ್ನು ತಡೆದು, ಅವನನ್ನು ಅಳಿಸುವಷ್ಟು ಸತಾಯಿಸಿ, ಕೊನೆಗೆ ಚೀಟಿಯೊಂದನ್ನು ಬರೆದುಕೊಟ್ಟು ಬಿಡುತ್ತಾರೆ. ಎರಡನೆಯವನು ಕುದುರೆ ಗಾಡಿಯವನ ಮಗ. ತಂದೆ ಸ್ವಾಮಿಯನ್ನು ಕ್ಲಬ್ಬಿಗೆ ಕರೆದೊಯ್ದಾಗ ಆ ಹುಡುಗ ಅಲ್ಲಿ ಟೆನಿಸ್ ಚೆಂಡು ಹೆಕ್ಕುವ ಕೆಲಸದಲ್ಲಿರುತ್ತಾನೆ. ಹಳೆಯ ಜಗಳ ನೆನೆದು ಸ್ವಾಮಿ ಅವನಿಗೆ ಹೆದರುತ್ತಾನೆ. ಓದುಗರಾದ ನಾವೂ ಸ್ವಾಮಿಯ ಕಣ್ಣಿನಿಂದಲೇ ಆ ಹುಡುಗನನ್ನು ನೋಡಿ, ಅವನು ರಜೆಯ ಸಂಜೆಯಲ್ಲಿ ಅಲ್ಲೇಕೆ ಚೆಂಡು ಹೆಕ್ಕುತ್ತಿದ್ದಾನೆಂದು ಕೇಳುವುದನ್ನೇ ಮರೆಯುತ್ತೇವೆ.

ಮೂವರು ಗೆಳೆಯರ ಸ್ವಚ್ಛಂದ ಬೇಸಿಗೆ, ಗಾಡಿಯ ಹುಡುಗನ ಪಾಲಿಗೆ ಭಯವಾಗಿ ಪರಿಣಮಿಸಿತು. ಆಟವೆಂದುಕೊಂಡು ಅವರು ಆಡಿದ್ದು ಬ್ರಿಟಿಷ್ ಸರಕಾರದ ಆಟವನ್ನೇ: ದಾರಿಯಲ್ಲಿ ಹೋಗುವ ಬಡವನನ್ನು ನಿಲ್ಲಿಸುವುದು, ಅಧಿಕಾರದ ಹೆಸರು ಹೇಳಿ ಹೆದರಿಸುವುದು, ಹೋಗಲು ಅಪ್ಪಣೆಚೀಟಿ ಕೊಡುವುದು. ಆಗಸ್ಟ್ ತಿಂಗಳಲ್ಲಿ ದಾಸ್ಯದ ವಿರುದ್ಧ ಕಲ್ಲೆಸೆಯುವ ಸ್ವಾಮಿ ಅದೇ ಬೇಸಿಗೆಯಲ್ಲಿ ಸಣ್ಣದೊಂದು ದೊರೆತನದ ರುಚಿ ನೋಡಿದ್ದ. ಈ ಎರಡು ಪ್ರಸಂಗಗಳನ್ನು ಒಟ್ಟಿಗಿಟ್ಟು ಓದಿದರೆ ಮಾತ್ರ ಕಾದಂಬರಿಯ ನಿಜವಾದ ಪ್ರಶ್ನೆ ಎದುರಾಗುತ್ತದೆ. ನನ್ನ ಸ್ವಾತಂತ್ರ್ಯಕ್ಕೆ ಬೆಲೆ ತೆರುತ್ತಿರುವವರು ಯಾರು?

ಪ್ರಶ್ನೆ ಹಳೆಯದಾಗಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲೂ ದುಡಿಸಬಾರದೆಂದು ನಿಷೇಧಿಸಿದೆ. ಆದರೆ ಅಪಾಯಕಾರಿಯಲ್ಲದ ಕುಟುಂಬದ ಕೆಲಸದಲ್ಲಿ ಶಾಲೆಯ ಅವಧಿಯ ನಂತರ ಅಥವಾ ರಜೆಯ ದಿನಗಳಲ್ಲಿ ಮಗು ನೆರವಾಗಬಹುದೆಂಬ ವಿನಾಯಿತಿಯನ್ನೂ ಇಟ್ಟಿದೆ. ಮನೆಗೆಲಸದಲ್ಲಿ ಕೈಜೋಡಿಸುವುದು ಒಳ್ಳೆಯ ಸಂಸ್ಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ವರ್ಗದ ಮಗುವಿಗೆ ರಜೆಯೆಂದರೆ ಆಟ, ಇನ್ನೊಂದು ವರ್ಗದ ಮಗುವಿಗೆ ರಜೆಯೆಂದರೆ ದುಡಿಮೆಯ ಋತು ಎಂಬ ಅಂತರ ಮಾಲ್ಗುಡಿಯಿಂದ ಇಂದಿನವರೆಗೂ ಬಂದಿದೆ.

ನಿಂಬೆಹಣ್ಣು ಮತ್ತು ಕಾಡುದಾರಿ

ಕಾದಂಬರಿ ಸ್ವಾಮಿಯನ್ನು ಇಲ್ಲಿಗೆ ಬಿಟ್ಟುಬಿಡುವುದಿಲ್ಲ. ಹೊಟ್ಟೆನೋವಿನಿಂದ ನರಳುವ ಅಜ್ಜಿ ಒಂದು ನಿಂಬೆಹಣ್ಣು ತಂದುಕೊಡೆಂದು ಕೇಳಿದಾಗ, ಕ್ರಿಕೆಟ್ ಅಭ್ಯಾಸಕ್ಕೆ ಹೊತ್ತಾಯಿತೆಂದು ಅವನು ಓಡಿಬಿಡುತ್ತಾನೆ. ಮೈದಾನದಲ್ಲಿ ಅವನಿಗೆ ನೆಮ್ಮದಿಯಿಲ್ಲ. ಅಜ್ಜಿಯ ಮುಖ ಕಾಡುತ್ತದೆ. ಯಾರೂ ಬೈಯಲಿಲ್ಲ, ಯಾರೂ ಬೆತ್ತ ಹಿಡಿಯಲಿಲ್ಲ. ಇಡೀ ಕೃತಿಯಲ್ಲಿ ಹೊರಗಿನ ದಂಡನೆಯಿಲ್ಲದೆ ಸ್ವಾಮಿ ತನ್ನೊಳಗೆ ತಾನೇ ನೊಂದುಕೊಳ್ಳುವ ಈ ಸಂದರ್ಭವನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲವೆನಿಸುತ್ತದೆ. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಸ್ವಾತಂತ್ರ್ಯವನ್ನು ಸ್ವಾರ್ಥಕ್ಕೆ ಬಳಸದೆ ಪ್ರೀತಿಯ ಸೇವೆಗೆ ಬಳಸುವಂತೆ ತಿಳಿಸುತ್ತಾರೆ. ಆ ಬೋಧನೆಯ ಮೊದಲ ಪಾಠ ಸ್ವಾಮಿಗೆ ದೊರೆತದ್ದು ತರದೇ ಬಿಟ್ಟ ಒಂದು ನಿಂಬೆಹಣ್ಣಿನಿಂದ.

ಮಿಷನ್ ಶಾಲೆಯಿಂದ ಓಡಿದ ಸ್ವಾಮಿ ಬೋರ್ಡ್ ಶಾಲೆ ಸೇರುತ್ತಾನೆ. ಅಲ್ಲಿಯೂ ಮುಖ್ಯೋಪಾಧ್ಯಾಯರ ಬೆತ್ತವನ್ನು ಕಿಟಕಿಯಿಂದಾಚೆ ಎಸೆದು ಓಡುತ್ತಾನೆ, ಊರನ್ನೇ ಬಿಡುತ್ತಾನೆ. ಈಗ ತಂದೆಯಿಲ್ಲ, ಶಾಲೆಯಿಲ್ಲ, ಲೆಕ್ಕವಿಲ್ಲ. ಬಾಲಕ ಬಯಸಿದ ಪೂರ್ಣ ಸ್ವರಾಜ್ಯ ಕೈಗೆ ಬಂದಿದೆ. ಆದರೆ ಮೆಂಪಿ ಕಾಡಿನ ದಾರಿಯಲ್ಲಿ ಕತ್ತಲಾಗುತ್ತಿದ್ದಂತೆ ಅವನು ಹಂಬಲಿಸುವುದು ಮನೆಯ ಊಟವನ್ನು, ಅಮ್ಮನನ್ನು, ತಾನು ತಪ್ಪಿಸಿಕೊಂಡು ಬಂದ ತಂದೆಯನ್ನೇ. ಇತ್ತ ತಂದೆ ಕೆಟ್ಟ ಶಂಕೆಗಳನ್ನು ಹೊತ್ತು ಸರಯೂ ದಂಡೆಯಲ್ಲಿ ಮಗನನ್ನು ಅರಸುತ್ತಾರೆ. ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯವನ್ನು ಬಲ್ಲ ನಮಗೆ ಈ ತಂದೆ ಅಪರಿಚಿತರಲ್ಲ. ಆ ಸಾಮತಿಯ ಹಿರಿಯ ಮಗನೂ ಇಲ್ಲಿದ್ದಾನೆ, ಅವನು ರಾಜಮ್. ಪಂದ್ಯ ತಪ್ಪಿಸಿದ ಗೆಳೆಯನನ್ನು ಕ್ಷಮಿಸಲಾರದೆ ಅವನು ಊರು ಬಿಟ್ಟು ಹೋಗುವಾಗ, ರೈಲಿನ ಕಿಟಕಿಯಿಂದ ಸ್ವಾಮಿ ಕೊಟ್ಟ ಆಂಡರ್‌ಸನ್ ಕಥೆಗಳ ಪುಸ್ತಕ ಒಳಗೆ ಸೇರುತ್ತದೆ. ಅವನ ಕ್ಷಮೆ ಹೊರಗೆ ಬಂತೋ ಇಲ್ಲವೋ ತಿಳಿಯುವುದಿಲ್ಲ.

ಕಾಡಿನ ದಾರಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದ ಸ್ವಾಮಿಯನ್ನು ಎತ್ತಿಕೊಂಡು ಅರಣ್ಯಾಧಿಕಾರಿಯ ಬಳಿಗೆ ತಲುಪಿಸಿದವನು ಯಾರು? ರಂಗ ಎಂಬ ಗಾಡಿಯವನು. ಬೇಸಿಗೆಯಲ್ಲಿ ಗಾಡಿಯ ಹುಡುಗನೊಬ್ಬನನ್ನು ಅಡ್ಡಗಟ್ಟಿ ಹೆದರಿಸಿದ ಬಾಲಕನಿಗೆ ಕೊನೆಯಲ್ಲಿ ಗಾಡಿಯವನೊಬ್ಬನೇ ಪ್ರಾಣದಾತನಾಗುತ್ತಾನೆ. ನಾರಾಯಣ್ ಇದನ್ನು ಉದ್ದೇಶಪೂರ್ವಕವಾಗಿ ಹೆಣೆದರೋ ಇಲ್ಲವೋ, ಕೃತಿಯೊಳಗೆ ಅದು ಇದೆ. ದಾರಿಯಲ್ಲಿ ಬಿದ್ದವನನ್ನು ಯಾರು ಎತ್ತಿಕೊಂಡರೆಂಬ ಇನ್ನೊಂದು ಸಾಮತಿಯನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಿಲ್ಲ.

ಕೃತಿಯ ಮಿತಿ

ಇಷ್ಟು ಹೇಳಿದ ಮೇಲೆ ಕೃತಿಯ ಮಿತಿಯನ್ನೂ ಹೇಳಬೇಕು. ಕರುಪ್ಪನ್ ಬಂದು ಅತ್ತು ಮಾಯವಾಗುತ್ತಾನೆ, ಚೆಂಡು ಹೆಕ್ಕುವವನಿಗೆ ಹೆಸರೂ ಇಲ್ಲ. ಅಜ್ಜಿ ಗಾಳಿ ಬೆಳಕಿಲ್ಲದ ನಡುಮನೆಯ ಓಣಿಯಲ್ಲಿ ತನ್ನ ಗಂಟುಮೂಟೆಯೊಡನೆ ಬದುಕುತ್ತಾಳೆ. ಅವಳ ಬಿಡುಗಡೆಯ ಬಗ್ಗೆ ಕಾದಂಬರಿ ಮೌನ ತಳೆಯುತ್ತದೆ. ಬಾಲಕನ ಕಣ್ಣಿನಾಚೆ ಹೋಗಲೊಲ್ಲದ ಲೇಖಕರ ಪ್ರಾಮಾಣಿಕತೆಯೇ ಇಲ್ಲಿ ಕೃತಿಯ ಗೋಡೆಯೂ ಆಗಿದೆ. ಇನ್ನು ಆಗುಂಬೆಯ ಮಳೆ, ಹಸಿರು, ದೊಡ್ಡ ಮನೆಯ ಕಂಬಗಳ ನಡುವೆ ಚಿತ್ರಿತವಾದ ದೂರದರ್ಶನದ ಸ್ವಾಮಿ ಎಷ್ಟು ಮೋಹಕನೆಂದರೆ, ಆತನ ಬಾಲ್ಯ ನಮ್ಮೆಲ್ಲರ ಬಾಲ್ಯವೇ ಆಗಿತ್ತೆಂದು ನಂಬಲು ಮನಸ್ಸು ಹಾತೊರೆಯುತ್ತದೆ. ಎಲ್ಲರದೂ ಹಾಗಿರಲಿಲ್ಲ. ಧ್ವಜದ ಕೆಳಗೆ ನಿಂತವರೆಲ್ಲರ ಸ್ವಾತಂತ್ರ್ಯ ಹೇಗೆ ಒಂದೇ ಅಳತೆಯದಲ್ಲವೋ ಹಾಗೆಯೇ ನೆನಪಿನ ಬೇಸಿಗೆಯೂ ಒಂದೇ ಅಲ್ಲ.

ಹಾಗಾದರೆ ಈ ಪುಸ್ತಕವನ್ನು ನಮ್ಮ ಕುಟುಂಬಗಳು ಹೇಗೆ ಓದಬೇಕು? ತಂದೆತಾಯಿಗಳು ಮಕ್ಕಳೊಡನೆ ಕುಳಿತು ಓದಲಿ. ನಗಬೇಕಾದಲ್ಲಿ ಧಾರಾಳವಾಗಿ ನಗಲಿ. ಗಾಡಿಯ ಹುಡುಗನ ಪುಟ ಬಂದಾಗ ಮಾತ್ರ ಒಂದಿಷ್ಟು ನಿಲ್ಲಲಿ. ಆ ಹುಡುಗ ಅಂದು ಮನೆಗೆ ಹೋಗಿ ತನ್ನ ತಾಯಿಗೆ ಏನು ಹೇಳಿರಬಹುದೆಂದು ಮಕ್ಕಳನ್ನೇ ಕೇಳಲಿ. ನಮ್ಮ ಶಾಲೆಗಳ ಅಧ್ಯಾಪಕರು ಎಬೆನೆಜರನ ತರಗತಿಯನ್ನು ದಾಟಿಸದೆ ಓದಲಿ. ಬೇಸಿಗೆಯನ್ನು ಟ್ಯೂಷನ್ ಮತ್ತು ಮೊಬೈಲುಗಳ ನಡುವೆ ಹಂಚಿಕೊಡುವ ಬದಲು ಮಕ್ಕಳಿಗೆ ಕೊಂಚ ಖಾಲಿ ಹೊತ್ತನ್ನು ಉಳಿಸಿಕೊಡೋಣ. ಜೊತೆಗೆ ನಿಂಬೆಹಣ್ಣು ತರುವ ಒಂದು ಸಣ್ಣ ಕೆಲಸವನ್ನೂ ಕೊಡೋಣ. ಧರ್ಮಕೇಂದ್ರದ ಬೇಸಿಗೆ ಶಿಬಿರಕ್ಕೆ ಹೆಸರು ಬರೆಸುವ ದಿನ ಬಂದಾಗ, ತೋಟದಲ್ಲಿ, ಅಂಗಡಿಯಲ್ಲಿ, ಯಾರದೋ ಮನೆಯಲ್ಲಿ ರಜೆ ಕಳೆಯುತ್ತಿರುವ ಮಗುವೊಂದು ನಮ್ಮ ಬೀದಿಯಲ್ಲಿದೆಯೇ ಎಂದು ಮೊದಲು ವಿಚಾರಿಸೋಣ. ಇದ್ದರೆ ಆ ಮಗುವಿನ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆಯೋಣ.